ಒಂಟಿ ಮೊರ

ಹೊಸ ಬಿದಿರಿನ ವಾಸನೆ ಮೂಗಿಗೆ ಬಡಿದರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಇವತ್ತು ಬೆಳಿಗ್ಗೆ ಕಡೂರಿನ ಸಂತೆಯಲ್ಲೂ ಹಾಗೇ ಆಯಿತು. ಮೊರಗಳನ್ನು ಪೇರಿಸಿಟ್ಟುಕೊಂಡು ಕೂತಿದ್ದ ಹೆಂಗಸು, ನಾನು ಒಂದೇ ಮೊರ ಕೇಳಿದ್ದಕ್ಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಬಾಗಿನಕ್ಕಲ್ವಾ ಅಣ್ಣ? ಒಂದ್ರಲ್ಲಿ ತುಂಬಿ ಇನ್ನೊಂದ್ ಮುಚ್ಬೇಕು. ಜೊತೆ ಇಲ್ದೆ ಬಾಗಿನ ಆಗಲ್ಲ."

"ಒಂದೇ ಸಾಕಮ್ಮ" ಎಂದೆ. ಯಾಕೆ ಎಂದು ಹೇಳುತ್ತಾ ಕೂತರೆ ಅವಳ ವ್ಯಾಪಾರ ಕೆಡುತ್ತದೆ. ನಿಮಗಾದರೆ ಹೇಳಬಹುದು.

ಅಜ್ಜಂಪುರದಲ್ಲಿರುವ ನಮ್ಮತ್ತೆ, ಅಂದರೆ ಅಪ್ಪನ ಅಕ್ಕ, ಕೆರೆಯ ಹುಚ್ಚು ಹಿಡಿದವರು. ಹುಟ್ಟಿ ಬೆಳೆದದ್ದು ಹಿರೇನಲ್ಲೂರಿನ ಬಯಲಿನಲ್ಲಿ. ಮಳೆಗಾಗಿ ಆಕಾಶ ನೋಡುತ್ತಾ ಬೆಳೆದವರಿಗೆ ತುಂಬಿದ ನೀರು ಕಂಡರೆ ಏನಾಗುತ್ತದೆ ಎಂಬುದು ನಲ್ಲಿ ತಿರುಗಿಸಿ ಬೆಳೆದ ನನಗೆ ಬಹಳ ಕಾಲ ತಿಳಿದಿರಲಿಲ್ಲ. ಮದಗದ ಕೆರೆ ಕೋಡಿ ಬಿದ್ದಾಗಲೆಲ್ಲ ಅತ್ತೆ ಮಾವನ ಲೂನಾದ ಹಿಂದೆ ಕೂತು ಹೋಗಿ, ಮುತ್ತೈದೆಯರ ಜೊತೆ ಗಂಗಮ್ಮನಿಗೆ ಬಾಗಿನ ಬಿಟ್ಟು ಬರುತ್ತಿದ್ದರು. ಮಾವ ತೀರಿಕೊಂಡರು, ಅದೂ ನಿಂತಿತು. ಆಮೇಲೊಂದು ದಿನ ನನಗೆ ಫೋನು ಬಂತು.

"ನೀರ್ ನೋಡ್ದೆ ಕಣ್ಣೆಲ್ಲಾ ಒಣಗ್ಹೋಗಿದಾವೆ ಕಣೋ. ನಿನ್ ಸ್ಕೂಟರ್ ಇರೋದು ಬರೀ ಶೋಕಿಗಾ?"

ಹೀಗೆ ನಾನು ಸಾರಥಿಯಾದೆ. ತರೀಕೆರೆ ಕಡೆಯ ಒಂದು ಹಳ್ಳಿಯ ಕಲ್ಯಾಣಿಯಲ್ಲಿ, ಫೋಟೋ ತೆಗೆಯುವ ಭರದಲ್ಲಿ ಸೀದಾ ನೀರಿಗೆ ಕಾಲಿಡಲು ಹೋದೆ. ಅತ್ತೆ ರಟ್ಟೆ ಹಿಡಿದು ನಿಲ್ಲಿಸಿದರು. "ಮೊದ್ಲು ನೀರು ತಲೆಗೆ ಹಚ್ಕೊಳ್ಳೋ, ಆಮೇಲೆ ಕಾಲಿಡು. ಅಷ್ಟೂ ಗೊತ್ತಿಲ್ವಾ?" ಅವರು ಹೇಳಿದ ಮೇಲೆ ಫೋನು ಜೇಬಿಗೆ ಹಾಕಿ ನೋಡಿದೆ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂತ ಮೆಟ್ಟಿಲುಗಳು, ಎಷ್ಟೋ ತಲೆಮಾರಿನ ಪಾದ ತಗುಲಿ ನುಣುಪಾದ ಅಂಚುಗಳು. ಸಖರಾಯಪಟ್ಟಣದ ಅಯ್ಯನಕೆರೆಯ ಏರಿಯ ಮೇಲಂತೂ ನಾನು ಫೋನು ಹೊರಗೆ ತೆಗೆಯಲೇ ಇಲ್ಲ. ಗುಡ್ಡಗಳ ನಡುವೆ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹರಿದು ಹೋಗಲು ಬಿಡಬೇಕು ಎಂದು ಯಾವ ಯಂತ್ರವೂ ಇಲ್ಲದೆ ಕಂಡುಕೊಂಡವರು ಎಂಥವರಿರಬೇಕು! ನಮ್ಮ ಮನೆಯ ಮೇಲಿನ ಸಿಮೆಂಟ್ ತೊಟ್ಟಿ ಕಟ್ಟಿದ ವರ್ಷವೇ ಸೋರಲು ಶುರುಮಾಡಿತು. ಅತ್ತೆ ಏರಿಯ ಕಲ್ಲನ್ನು ಸವರುತ್ತಾ, "ತಣ್ಣಗಿರ್ಲಿ ಕಟ್ಟಿದ ಕೈ" ಎಂದರು.

ಹೋದ ಸಲ ಮದಗದ ಕೆರೆ ತುಂಬಿದಾಗ ಅತ್ತೆಯೇ ಬಾಗಿನ ಸಿದ್ಧಮಾಡಿದರು. ಮೊರಕ್ಕೆ ಅರಿಶಿನ ಬಳಿದು, ಬಳೆ, ಕನ್ನಡಿ, ಬೆಲ್ಲ, ಬೇಳೆ, ರವಿಕೆ ಖಣ ಎಲ್ಲಾ ಜೋಡಿಸಿ, ಮೇಲೊಂದು ಮೊರ ಮುಚ್ಚಿದರು. ಅವರೇ ಬಿಡುತ್ತಾರೆ ಎಂದುಕೊಂಡಿದ್ದೆ. ನೀರಿನ ಹತ್ತಿರ ಹೋದಮೇಲೆ, ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸಿಗೆ "ನೀನೇ ಬಿಡವ್ವ" ಎಂದು ಚಾಚಿದರು.

"ತುಂಬಿದ್ದು ನೀವೇ ಅಲ್ವಾ ಅತ್ತೆ?" ಎಂದೆ.

"ತುಂಬೋದು ಬೇರೆ, ಬಿಡೋದು ಬೇರೆ. ಗಂಡ ಹೋದೋಳು ಬಾಗಿನ ಬಿಡಬಾರ್ದು ಕಣೋ."

ಆ ಹೆಂಗಸು ಮೊರಕ್ಕೆ ಕೈಹಾಕಿದಳು. ಅತ್ತೆಯ ಬೆರಳು ಸಡಿಲವಾಗಲಿಲ್ಲ. ಅವಳು ಮೆಲ್ಲಗೆ ಎಳೆದಳು, ನಕ್ಕಳು: "ನೀವ್ ಕೈ ಬಿಟ್ರೆ ತಾನೇ ಅಮ್ಮ ನಾ ಇಸ್ಕೊಳ್ಳೋದು!" ಅತ್ತೆಯ ಕಣ್ಣು ನೀರಿನ ಮೇಲೇ ಇತ್ತು. ವರ್ಷಗಟ್ಟಲೆ ಬಾಗಿನ ಬಿಟ್ಟ ಕೈ ಅದು.

ಒಂದು ಗಳಿಗೆ ಹಾಗೇ ನಿಂತಿದ್ದ ಅತ್ತೆ, ಇದ್ದಕ್ಕಿದ್ದಂತೆ ಮೊರವನ್ನು ತಮ್ಮ ಕಡೆಗೆ ಎಳೆದುಕೊಂಡರು. ಮೇಲಿನದನ್ನು ತೆಗೆದು ನನ್ನ ಕೈಗೆ ತುರುಕಿದರು.

"ಇದನ್ನ ಹಿಡ್ಕೋ. ಜೊತೆ ಇದ್ರೆ ಬಾಗಿನ. ಈಗ ಇದು ಬರೀ ಮೊರ. ಮೊರ ಬಿಡಬಾರ್ದು ಅಂತ ನಂಗ್ಯಾರೂ ಹೇಳಿಲ್ಲ."

ಯಾವ ವಕೀಲನಿಗೂ ಹೊಳೆಯದ ಪಾಯಿಂಟು! ಅತ್ತೆ ಬಗ್ಗಿ ನೀರನ್ನು ತಲೆಗೆ ಹಚ್ಚಿಕೊಂಡು ತಾವೇ ಮೊರ ತೇಲಿಬಿಟ್ಟರು. ಮುಚ್ಚಳವಿಲ್ಲದ ಮೊರದ ಬಳೆಗಳು ಬಿಸಿಲಿಗೆ ಹೊಳೆಯುತ್ತಾ ಹೋದವು. ನನಗೆ ನಗುವೂ ಬಂತು, ಅಳುವೂ ಬಂತು.

ಆ ಇನ್ನೊಂದು ಮೊರ ನಮ್ಮ ಅಡುಗೆಮನೆಯ ಗೋಡೆಯ ಮೇಲಿತ್ತು. ಅದರಲ್ಲಿ ಅಕ್ಕಿ ಕೇರಲು ನಾನು ಹೆಂಡತಿಗೆ ಬಿಟ್ಟಿರಲಿಲ್ಲ. ನಿನ್ನೆ ಅತ್ತೆಯ ಫೋನು ಬಂತು.

"ಕೆರೆ ಕೋಡಿ ಬಿದ್ದೈತಂತೆ ಕಣೋ. ಒಂದ್ ಮೊರ ತಗೊಂಡ್ ಬಾ."

"ಹೋದ್ಸಲದಂಗೆ ಬರೀ ಮೊರಾನಾ ಅತ್ತೆ?"

"ಆವತ್ತಿಂದು ನಿನ್ನತ್ರ ಐತಲ್ಲೋ, ಅದನ್ನೂ ತಾ. ಜೊತೆ ಆಗ್ತದೆ."

"ಜೊತೆ ಆದ್ರೆ ಬಾಗಿನ ಆಗ್ಬಿಡ್ತಲ್ಲ. ಯಾರ ಕೈಲಿ ಬಿಡಿಸ್ತೀರ?"



"ಯಾಕೋ, ನಂಗೇನ್ ಕೈ ಇಲ್ವಾ?"

ಗೋಡೆಯ ಮೊಳೆ ಈಗ ಖಾಲಿ. ಎರಡೂ ಮೊರಗಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಅಜ್ಜಂಪುರದ ದಾರಿ ಹಿಡಿದಿದ್ದೇನೆ.