ಬಾಗಿಲಾಚೆಯ ಗರಡಿ

ಬೈಲಹೊಂಗಲದ ನಮ್ಮ ಓಣಿಯಲ್ಲಿ ಕುಸ್ತಿ ಕಲಿಸುತ್ತಿದ್ದ ವಸ್ತಾದರು ಕುಸ್ತಿಯಲ್ಲಿ ಮುದುಡಿದ ಕಿವಿಯನ್ನು ತಿಕ್ಕುತ್ತ ಮಾತಾಡುತ್ತಿದ್ದರು. ಯಾವ ತೊಡಕಿಗೂ ‘ಅದಕ್ಕೇನ ಬಿಡ್ರಿ’ ಎನ್ನುತ್ತಿದ್ದರು. ಹೊಸ ಹುಡುಗರು ಬಾರದಿದ್ದರೆ ಅವರ ಗರಡಿ ಮುಚ್ಚಬೇಕಿತ್ತು. ಓದು ಮುಗಿಸಿದ್ದ ನಾನು ಬೆಳಗಾವಿಯ ಪತ್ರಿಕೆಗೆ ಅಂಚೆಯಲ್ಲಿ ಊರ ಸುದ್ದಿ ಕಳಿಸುತ್ತಿದ್ದೆ. ಅದನ್ನು ಕೇಳಿ ವಸ್ತಾದರು ನಮ್ಮ ಮನೆಗೆ ಬಂದರು.

“ಜಾಹೀರಾತಿಗೆ ರೊಕ್ಕಿಲ್ರಿ ಅಕ್ಕಾರ. ಸುದ್ದಿ ಅಂತ ಹಾಕ್ರಿ.”

“ನೋಡ್ಲಾರದ ಹೆಂಗ ಬರೀಲ್ರಿ? ಗರಡ್ಯಾಗ ಹೆಣ್ಮಕ್ಕಳನ್ನ ಬಿಡಂಗಿಲ್ಲಲ್ಲ.”

“ಅದಕ್ಕೇನ ಬಿಡ್ರಿ.”

ಸಂತೆಯ ದಿನ ಗರಡಿಯ ಮುಂದಿನ ರಸ್ತೆಗೆ ಕೆಂಪು ಮಣ್ಣು ಹರಡಿ, ಶಿಷ್ಯರಿಬ್ಬರನ್ನು ಕುಸ್ತಿಗಿಳಿಸಿದರು. ಒಳಗೇನು ನಡೆಯುತ್ತದೆಂದು ಎಂದೂ ಕಾಣದ ತಾಯಂದಿರು ಕಾಯಿಪಲ್ಯದ ಬುಟ್ಟಿ ಇಳಿಸಿ ನಿಂತರು. ನಾನೂ ನಿಂತು ಬರೆದುಕೊಂಡೆ.

ಒಬ್ಬಾಕೆ ಕೂಗಿದಳು: “ಯಣ್ಣಾ, ನನ್ನ ಮಗನ್ನೂ ಕಳಸ್ತೇನಿ. ಮನ್ಯಾಗ ಬರೇ ರೊಟ್ಟಿ ತಿಂತಾನ!”

ವಸ್ತಾದರು ನನ್ನತ್ತ ತಿರುಗಿದರು. “ಇದನ್ನೂ ಬರಕೊಳ್ರಿ, ಅಕ್ಕಾರ.”