ಲಾರಿಗೂ ಗಂಟಲು ಒಣಗುತ್ತದೆ

ಇವತ್ತು ಉದಯಗಿರಿಯಲ್ಲಿ ಕಾರ್ಮಿಕರ ಮೆರವಣಿಗೆಗೆ ನಿಂತಿದ್ದಾಗ ಬಿಸಿ ಡೀಸೆಲ್ ವಾಸನೆ ಬಂದು ಅಪ್ಪನ ಹಳೇ ಲಾರಿ ನೆನಪಾಯಿತು. ಏರಿನಲ್ಲಿ ಏದುಸಿರು ಬಿಡುತ್ತಿದ್ದ ಅದರ ಎಂಜಿನ್‌ಗೆ ಅಪ್ಪ ಮತ್ತು ಮೆಕ್ಯಾನಿಕ್ ರಹೀಮಣ್ಣ ಸೇರಿ, ಗುಜರಿಯಲ್ಲಿ ಹುಡುಕಿದ, ಹೆಚ್ಚು ಗಾಳಿ ಊದುವ ಎರಡು ಟರ್ಬೊ ಕೂಡಿಸಿದ್ದರು.

"ಒಂದು ಮೂಗು ಸಾಲ್ದೂಂತ ಎರಡು ಮೂಗಾ ಇದಕ್ಕೆ?" ಎಂದು ಅಮ್ಮ ನಕ್ಕಳು.

ಅಪ್ಪ ಆತುರದಲ್ಲಿ ಕೀ ತಿರುಗಿಸಲು ಹೋದಾಗ ರಹೀಮಣ್ಣ ಕೈ ಹಿಡಿದರು. "ತಡೀರಣ್ಣ, ಈ ಟರ್ಬೊಗಳ ಗಂಟಲು ಒಣಗೈತೆ. ಎಣ್ಣೆ ಕುಡಿಸ್ದೆ ಕೂಗ್ಸಿದ್ರೆ ಎರಡೂ ಸುಟ್ಟೋಯ್ತವೆ. ಇನ್ನೊಂದು ಜೊತೆ ಎಲ್ ಸಿಗುತ್ತೆ?"

ಮಗುವಿಗೆ ಔಷಧಿ ಕುಡಿಸುವಂತೆ ಅವರು ಎರಡಕ್ಕೂ ಎಣ್ಣೆ ಹನಿಸಿದರು. ಆಮೇಲೆ ಲಾರಿ ಶಿಳ್ಳೆ ಹಾಕುತ್ತಾ ಬೆಟ್ಟ ಹತ್ತಿತು.

ದುಡಿಯುವವರ ಬಗ್ಗೆ ಎಷ್ಟೋ ಕರಪತ್ರ ಓದಿದ್ದೇನೆ. ಘೋಷಣೆಗೆ ಮೊದಲು ಎಲ್ಲರಿಗೂ ನೀರು ಕೊಡಬೇಕೆಂದು ಯಾವುದರಲ್ಲೂ ಬರೆದಿರಲಿಲ್ಲ. ಅದನ್ನು ನಾನು ಕಲಿತದ್ದು ರಹೀಮಣ್ಣನಿಂದ. ಇವತ್ತೂ ಬಿಂದಿಗೆ ಹಿಡಿದು ಸಾಲಿನುದ್ದಕ್ಕೂ ಓಡಾಡಿದೆ.