ಬೆಂಕಿ ಕಡ ಕೊಟ್ಟ ದಿನ

ಝಕ್, ಝಕ್, ಝಕ್. ಆಮೇಲೆ ಯಾರೋ ಬಿಗಿಹಿಡಿದ ಉಸಿರನ್ನು ಬಿಟ್ಟಂತೆ ಉದ್ದನೆಯ ಒಂದು ಉಸ್ಸ್. ಈ ಸದ್ದು ಕೇಳದೆ ಎಷ್ಟೋ ಕಾಲವಾಗಿತ್ತು. ಕಳೆದ ಭಾನುವಾರ ತಂಗಿಯ ಮಗಳು ನನ್ನನ್ನು ಹಳೆಯ ಯಂತ್ರಗಳ ಬಯಲು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದಳು. ಭಾನುವಾರ ಅಲ್ಲಿ ಬೆಂಕಿ ಹಾಕಿ ಉಗಿ ಎಂಜಿನ್‌ಗಳನ್ನು ಓಡಿಸುತ್ತಾರೆ. ನೀರೆತ್ತುವುದೊಂದು, ಮರ ಕೊಯ್ಯುವುದೊಂದು, ಕೊನೆಗೆ ಹುಲ್ಲಿನ ಮೇಲೆ ಒಂದು ರೋಡ್ ರೋಲರ್. "ನಮ್ಮದು!" ಎಂದುಬಿಟ್ಟೆ. ಸರಕಾರದ ರೋಲರನ್ನು ನಮ್ಮದು ಎನ್ನಲು ನನಗೆ ಯಾವ ಹಕ್ಕೂ ಇಲ್ಲ. ಆದರೆ ಅಂಥದೇ ಒಂದರ ಹೊಟ್ಟೆಗೆ ನಮ್ಮ ಮನೆಯ ಬೆಂಕಿ ಬಿದ್ದಿದೆ ನೋಡಿ, ಅದಕ್ಕೇ ಈ ಸಲಿಗೆ.

ನಾನಾಗ ಧಾರವಾಡದ ಕಾನ್ವೆಂಟಿನಲ್ಲಿ ಬೋರ್ಡರ್. ಬೇಸಿಗೆ ರಜೆಗೆ ಶಿರಸಿಗೆ ಬಂದರೆ ಮನೆಯ ಮುಂದೆ ಯಲ್ಲಾಪುರದ ರಸ್ತೆಗೆ ಜಲ್ಲಿ ಹಾಸುತ್ತಿದ್ದರು. ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ಒಂದೆರಡು ವರ್ಷವಾಗಿತ್ತು. ರೋಲರ್ ಮಾತ್ರ ಮುಂಬಯಿ ಕಾಲದ್ದೇ. ಅದರ ಡ್ರೈವರ್ ಇಮಾಮಸಾಬ್ ಹಾವೇರಿ ಕಡೆಯವರು. ಮೀಸೆ ದಪ್ಪ, ದನಿ ತೆಳು. ನನ್ನನ್ನು 'ಇಂಗ್ಲಿಷ್ ಬಾಯಿ', ಅಂದರೆ ಇಂಗ್ಲಿಷ್ ಅಮ್ಮಾವರು, ಎಂದು ಕರೆಯುತ್ತಿದ್ದರು. ನಾನು ಗುಡ್ ಮಾರ್ನಿಂಗ್ ಎಂದರೆ ಬಾಯಲ್ಲಿ ಉತ್ತರಿಸದೆ ರೋಲರಿನ ಸೀಟಿ ಊದುತ್ತಿದ್ದರು. ನಮ್ಮ ಸಿಸ್ಟರುಗಳು ಮ್ಯಾನರ್ಸ್ ಕಲಿಸಿದ್ದು ಬೇರೆ ಥರ. ನನಗೆ ಇದೇ ಹಿಡಿಸಿತ್ತು.

ಆ ಮೇ ತಿಂಗಳಲ್ಲಿ ಅಪ್ಪನ ತಂಗಿ ಶಾರದತ್ತೆಯ ಮದುವೆ. ನಿಶ್ಚಯವಾದ ಎರಡು ಸಂಬಂಧಗಳು ಅದಾಗಲೇ ಮುರಿದಿದ್ದವು. ಮೂರನೆಯದೂ ತಪ್ಪಿದರೆ ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ, ಎಲ್ಲರೂ ಅದನ್ನೇ ಯೋಚಿಸುತ್ತಿದ್ದರು. ಅಜ್ಜಿಯ ಚಿಂತೆ ಮಾತ್ರ ಹೊಗೆಯದು. ಮದುವೆಯ ಹಿಂದಿನ ಸಂಜೆ ತಾನೇ ರಸ್ತೆಗಿಳಿದಳು.

"ಇಮಾಮಸಾಬಾ, ನಾಳೆ ಒಂದಿನ ನಿನ್ನ ಹೊಗೆಗಾಡಿ ಉರಿಸ್ಬೇಡ ಮಾರಾಯ. ಬಿಳೀ ಚಪ್ಪರ, ಶುಭಕಾರ್ಯ."

"ಆತ್ರೀ ಅವ್ವಾರ. ಬೆಂಕಿ ತಗದು ಇಡತೀನಿ. ಅದಕೂ ಒಂದಿನ ಸೂಟಿ."

ಮರುದಿನ ಯಲ್ಲಾಪುರದಿಂದ ವರನ ದಿಬ್ಬಣದ ಬಸ್ಸು ಬಂತು. ಬಂತು ಎಂದರೆ ತಿರುವಿನವರೆಗೆ. ನಸುಕಿನ ಅಡ್ಡಮಳೆಗೆ ಅಲ್ಲಿನ ಹೊಸ ಮಣ್ಣು ಮೆತ್ತಗಾಗಿ ಹಿಂದಿನ ಚಕ್ರ ಅರ್ಧಕ್ಕೆ ಹೂತಿತು. ನಮ್ಮ ಜಗಲಿಯಿಂದ ಬಸ್ಸು ಕಾಣುತ್ತಿತ್ತು. ಇಳಿದು ನಡೆದು ಬರಬಾರದೇ ಎನ್ನುತ್ತೀರಿ. ನಾನೂ ಹಾಗೆಯೇ ಅಂದು ಅಪ್ಪನಿಂದ ಬೈಸಿಕೊಂಡೆ. ವರನ ದೊಡ್ಡಪ್ಪ ಕಿಟಕಿಯಿಂದ ತಲೆ ಹೊರಹಾಕಿ ತೀರ್ಪು ಕೊಟ್ಟಾಗಿತ್ತು: "ಯಂಗಳ ಮನೆ ದಿಬ್ಬಣ ಕೆಸರು ತುಳ್ಕಂಡು ಬಪ್ಪದಲ್ಲ. ಬಸ್ಸು ಬಾಗ್ಲಿಗೆ ಬಂದ್ರೆ ಮದುವೆ, ಇಲ್ದಿದ್ರೆ ತಿರುಗಿ ಹೋಗ್ತ್ಯ." ತಿರುಗಿ ಹೋಗುವುದಕ್ಕೂ ಬಸ್ಸು ಮೊದಲು ಮೇಲೇಳಬೇಕಿತ್ತು. ಅದನ್ನು ಹೇಳುವ ಧೈರ್ಯ ಹೆಣ್ಣಿನ ಕಡೆಯವರಿಗೆ ಎಲ್ಲಿಂದ ಬರಬೇಕು?

ಗಂಡಸರು ನೂಕಿದರು, ಬಸ್ಸು ಅಲುಗಲಿಲ್ಲ. ಎಳೆಯಬಲ್ಲದ್ದು ರೋಲರ್ ಒಂದೇ. ಅದು ನಮ್ಮದೇ ಮಾತಿನಂತೆ ತಣ್ಣಗೆ ನಿಂತಿತ್ತು. ಅಪ್ಪ ಓಡಿದರು. ಇಮಾಮಸಾಬ್ ಬಾಯ್ಲರ್ ತಟ್ಟಿ ನೋಡಿದರು.

"ಇದು ಜೀಪ ಅಲ್ರೀ ರಾಯರ, ಕಿಲ್ಲಿ ತಿರುವಿದ್ರ ಏಳಾಕ. ಉರಿ ಹಚ್ಚಿ ಹಬೆ ಕಟ್ಟೂದಕ್ಕ ಎರಡು ತಾಸಾದ್ರೂ ಬೇಕು. ತಯಾರ್ ಕೆಂಡ ಬುಟ್ಟಿಗಟ್ಟಲೆ ಸಿಕ್ರ ಲಗೂ ಆಗತೈತಿ."

ಮುಹೂರ್ತಕ್ಕೆ ಎರಡು ತಾಸು ಉಳಿದಿರಲಿಲ್ಲ. ಕೆಂಡವೇನೋ ಇತ್ತು, ಹಿತ್ತಲಿನಲ್ಲಿ ಅಡುಗೆ ಭಟ್ಟರು ತೋಡಿಸಿದ ಉದ್ದನೆಯ ಗುಂಡಿ ಒಲೆ ನಿಗಿನಿಗಿ ಎನ್ನುತ್ತಿತ್ತು. ಆದರೆ ಶುಭಕಾರ್ಯದ ದಿನ ಮನೆಯ ಬೆಂಕಿಯನ್ನು ಹೊರಗೆ ಕೊಡಬಾರದು, ಕೊಟ್ಟರೆ ಅದರ ಬೆನ್ನಿಗೇ ಲಕ್ಷ್ಮಿ ಹೊರಡುತ್ತಾಳೆ ಎಂಬುದು ಅಜ್ಜಿಯ ಕಾನೂನು. ಆ ಬೆಳಿಗ್ಗೆಯೇ ಕೆಂಡ ಕೇಳಲು ಬಂದ ನೆರೆಮನೆಯವಳನ್ನು ಬರಿಗೈಲಿ ಕಳಿಸಿದ್ದಳು. ಎಲ್ಲರೂ ಅವಳ ಮುಖ ನೋಡಿದರು. ಬಾಸಿಂಗ ಕಟ್ಟಿಕೊಂಡು ಕೂತಿದ್ದ ಶಾರದತ್ತೆ ತಲೆ ಎತ್ತದೆ ಹೇಳಿದಳು:

"ಆಯಿ, ಲಕ್ಷ್ಮಿ ಹೋದ್ರೆ ಮತ್ತೆ ಬತ್ತು. ಆ ಬಸ್ಸು ಹೋದ್ರೆ ಬತ್ತಿಲ್ಲೆ."

ಅಜ್ಜಿ ಸೆರಗು ಬಿಗಿದು, ಸಲಿಕೆ ತೆಗೆದುಕೊಂಡು ಒಲೆಗೇ ಹೋದಳು. ಭಟ್ಟರು ಬಾಯಿ ಬಡಿದುಕೊಂಡರು. "ಅಮ್ಮಾ, ಪಾಯಸ ಅರ್ಧ ಬೆಂದಿದ್ದಷ್ಟೇ!"

"ಬೀಗರು ಬಂದ ಮೇಲಲ್ದನಾ ಪಾಯಸ?"

ಮೊದಲ ಸಲಿಕೆ ಅಜ್ಜಿಯದು. ಹಿಂದೆ ಪಟ್ಟೆಸೀರೆಯ ಹೆಂಗಸರು ಬಾಣಲೆ, ಬಾಂಡ್ಲಿಗಳಲ್ಲಿ ಕೆಂಡ ಹೊತ್ತು ಸಾಲುಗಟ್ಟಿದರು. ಕಾನ್ವೆಂಟಿನ ಯಾವ ಪ್ರೊಸೆಶನ್ನೂ ಅಷ್ಟು ಗಂಭೀರವಾಗಿ ನಡೆದದ್ದನ್ನು ನಾನು ಕಂಡಿಲ್ಲ. ಆಮೇಲೆ ಕಾಯುವುದು. ಪುರೋಹಿತರು ಗಡಿಯಾರ ನೋಡುತ್ತಿದ್ದರು, ಇಮಾಮಸಾಬ್ ಬಾಯ್ಲರಿನ ಮುಳ್ಳು ನೋಡುತ್ತಿದ್ದರು. ಕೊನೆಗೆ ಬಂತು, ಉಸ್ಸ್. ಸರಪಳಿ ಕಟ್ಟಿದ ರೋಲರ್ ಬಸ್ಸನ್ನು ಕಿತ್ತೆಳೆದು, ಅಲ್ಲಿಗೇ ಬಿಡದೆ, ಸೀಟಿ ಊದುತ್ತ ಚಪ್ಪರದ ಬಾಗಿಲಿಗೇ ತಂದು ನಿಲ್ಲಿಸಿತು. ಬಿಳಿಯ ಚಪ್ಪರ ಕಪ್ಪಾಯಿತು. ವರನ ದೊಡ್ಡಪ್ಪನ ಪಂಚೆಯೂ ಕಪ್ಪಾಯಿತು. ವರನೊಬ್ಬನೇ ನಗುತ್ತಿದ್ದ. ಮುಹೂರ್ತ ತಪ್ಪಲಿಲ್ಲ. ಅತ್ತೆಯ ಧಾರೆಸೀರೆಯ ಅಂಚಿಗೆ ಬಿದ್ದ ಮಸಿ ಕೊನೆಗೂ ಹೋಗಲಿಲ್ಲ. ಅವಳೂ ಹೆಚ್ಚು ತಿಕ್ಕಿದಂತೆ ಕಾಣಲಿಲ್ಲ.

ಸಂಜೆ ಇಮಾಮಸಾಬ್ ಸಲಿಕೆಯ ತುಂಬ ಕೆಂಡ ಹಿಡಿದು ಅಂಗಳದಲ್ಲಿ ನಿಂತಿದ್ದರು. "ಅವ್ವಾರ, ನಿಮ್ಮ ಬೆಂಕಿ ತಂದೀನಿ. ನಿಮ್ಮ ಲಕ್ಷ್ಮೀನ್ನ ನಾ ಯಾಕ ಇಟ್ಕೊಳ್ಲಿ?"

ಅಜ್ಜಿ ಕೆಂಡವನ್ನೊಮ್ಮೆ, ಅಡುಗೆ ಮನೆಯ ಬಾಗಿಲನ್ನೊಮ್ಮೆ ನೋಡಿ, "ಬಚ್ಚಲ ಒಲೆಗೆ ಹಾಕು," ಎಂದಳು. ಅಡುಗೆ ಮನೆಗೆ ಯಾಕಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ. ಅವರು ನಕ್ಕು, "ಬೀಗರ ಮಸಿ ತೊಳಿಯಾಕ ನೀರು ಕಾಯಲಿ ಬಿಡ್ರಿ," ಎಂದರು.

ಮ್ಯೂಸಿಯಮ್ಮಿನಲ್ಲಿ ಒಬ್ಬರು, "ಮ್ಯಾಡಮ್, ಸ್ವಲ್ಪ ದೂರ ನಿಲ್ಲಿ, ಸೀರೆಗೆ ಮಸಿ ಬೀಳುತ್ತದೆ," ಎಂದರು. ಮಡಿಕೆ ಕೆಡದ ಸೀರೆ ಉಟ್ಟು ಬಾಳಿದವಳು ನಾನು. ಯಾಕೋ ಒಂದು ಹೆಜ್ಜೆ ಹತ್ತಿರ ಹೋದೆ. ಬಿದ್ದದ್ದನ್ನು ಒರೆಸಿಕೊಳ್ಳಲಿಲ್ಲ.

ಇಮಾಮಸಾಬರನ್ನು ಕೊನೆಯ ಸಲ ನೋಡಿದ್ದು ಮಳೆಗಾಲದ ಬಾಗಿಲಲ್ಲಿ, ಕೆಲಸ ನಿಂತು ರೋಲರ್ ಯಲ್ಲಾಪುರದ ಕಡೆ ಹೊರಟ ದಿನ. ಬೆಳಿಗ್ಗೆ ಅಜ್ಜಿ ನನ್ನ ಕೈಯಲ್ಲಿ ಒಂದು ಸಲಿಕೆ ಕೆಂಡ ಕೊಟ್ಟು ಕಳಿಸಿದಳು. "ಅಡುಗೆ ಒಲೆದು ಅಂತ ಹೇಳು." ಹೇಳಿದೆ. ಅವರು ಅದನ್ನು ತೆಗೆದುಕೊಂಡು ಎಂಜಿನ್ನಿಗೆ ಹಾಕಿದರು. ಹಬೆ ಕಟ್ಟಿ ಹೊರಡುವಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತು. ರೋಲರ್ ಹೊರಡುವುದೆಂದರೆ ಬಸ್ಸು ಹೊರಟಂತಲ್ಲ. ಕೈ ಬೀಸಿದೆ, ಕೈ ಸೋತಿತು. ಒಳಗೆ ಹೋಗಿ ಕಷಾಯ ಕುಡಿದು ಬಂದೆ.

"ಇನ್ನೂ ಕಾಣ್ತನನೇ?" ಒಳಗಿನಿಂದ ಅಜ್ಜಿ.

"ಕಾಣ್ತ."

ಬಸ್ಸು ಹೂತಿದ್ದ ತಿರುವಿನಲ್ಲಿ ಸೀಟಿ ಕೇಳಿತು. ಆಗಲೇ ಮಧ್ಯಾಹ್ನ ಕಳೆದಿತ್ತು. ಆದರೂ ನಾನು ಗುಡ್ ಮಾರ್ನಿಂಗ್ ಎಂದೆ.